ಮಾತು ಬಿಟ್ಟ ಮಾವ

ಕೆಲವರು ಬೀಡಿ ಬಿಡುತ್ತಾರೆ. ಕೆಲವರು ವ್ರತದ ಸೋಣ ತಿಂಗಳಲ್ಲಿ ಮೀನು ಬಿಡುತ್ತಾರೆ. ನನ್ನ ಸೋದರಮಾವ ಮಾತು ಬಿಡುತ್ತಿದ್ದರು! ಅದೂ ಒಟ್ಟಾರೆ ಅಲ್ಲ, ಒಬ್ಬೊಬ್ಬರ ಜೊತೆ ಬೇರೆ ಬೇರೆಯಾಗಿ, ಬಹಳ ಶಿಸ್ತಿನಿಂದ. ಬೀಡಿ ಬಿಟ್ಟವರು ನಾಲ್ಕು ದಿನಕ್ಕೆ ಮತ್ತೆ ಹಚ್ಚುತ್ತಾರೆ. ಮಾವ ಬಿಟ್ಟ ಮಾತನ್ನು ಮತ್ತೆ ಶುರುಮಾಡಿದ್ದನ್ನು ನಾನು ಕಂಡದ್ದು ಒಮ್ಮೆ ಮಾತ್ರ. ಆ ಒಂದು ಸಲ ಏನಾಯಿತೆಂದು ಹೇಳುವುದು ನನಗೆ ಇಷ್ಟವಿಲ್ಲ. ಆದರೂ ಹೇಳುತ್ತೇನೆ.

ಮಾವ ಉದ್ಯಾವರದ ಒಂದು ಹಂಚಿನ ಕಾರ್ಖಾನೆಯಲ್ಲಿ ಹೆಡ್ ಕ್ಲಾರ್ಕ್. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕುಕ್ಕುಂದೂರಿನಲ್ಲಿ ನೊಣ ಹೊಡೆಯುತ್ತಿದ್ದಾಗ, ಅಮ್ಮ ನನ್ನನ್ನು ಕಾಪುವಿನಲ್ಲಿದ್ದ ಅವರ ಮನೆಗೆ ತಂದು ನಿಲ್ಲಿಸಿದರು. "ಅಣ್ಣಾ, ಇವನನ್ನು ಒಬ್ಬ ಮನುಷ್ಯ ಮಾಡು." ಮಾವನಿಗೆ ಮಕ್ಕಳಿರಲಿಲ್ಲ. ಮರುದಿನವೇ ಆಫೀಸಿಗೆ ಕರೆದುಕೊಂಡು ಹೋಗಿ ಒಂದು ಮೇಜು ತೋರಿಸಿದರು. ಅರ್ಜಿ ಬರೆಯುವುದರಿಂದ ಹಿಡಿದು ಲಕೋಟೆಗೆ ಗೋಂದು ಹಚ್ಚುವವರೆಗೆ ಎಲ್ಲವನ್ನೂ ಕಲಿಸಿದರು. ಆಗ ಅವರು ನನ್ನ ಜೊತೆ ಮಾತಾಡುತ್ತಿದ್ದರು. ಎಷ್ಟು ಮಾತಾಡುತ್ತಿದ್ದರೆಂದರೆ, ಬಸ್ಸಿನಲ್ಲಿ ಕಾಪುವಿನಿಂದ ಉದ್ಯಾವರದವರೆಗೆ ನನಗೆ ಹೂಂ ಅನ್ನಲೂ ಪುರುಸೊತ್ತಿರಲಿಲ್ಲ.

ಆಫೀಸಿನಲ್ಲಿ ಇದ್ದದ್ದು ಆರು ಮೇಜು. ನಾನು ಸೇರುವಾಗಲೇ ಅವುಗಳಲ್ಲಿ ಎರಡರ ಜೊತೆ ಮಾವನಿಗೆ ಮಾತಿರಲಿಲ್ಲ. ಸ್ಟೋರಿನವರು ತಮ್ಮ ಗೃಹಪ್ರವೇಶದ ಕಾಗದವನ್ನು ಮಾವನಿಗೆ ಕೈಯಲ್ಲಿ ಕೊಡದೆ ಮೇಜಿನ ಮೇಲೆ ಇಟ್ಟು ಹೋಗಿದ್ದರು. ಇದು ಕ್ಷಮಿಸುವಂಥ ಅಪರಾಧವೇ? ಟೈಪಿಸ್ಟ್ ಲಿಲ್ಲಿ ಬಾಯಿ, ಮಾವ ಕುಳಿತಿದ್ದ ಕುರ್ಚಿಯ ಕಾಲು ಮುರಿದ ದಿನ ನಕ್ಕಿದ್ದರು. ಬಿದ್ದವರನ್ನು ಎತ್ತಿದ್ದೂ ಅವರೇ, ಆದರೆ ಅದು ಲೆಕ್ಕಕ್ಕೆ ಬರಲಿಲ್ಲ.

ಹಾಗಾದರೆ ಕೆಲಸ ನಡೆಯುವುದು ಹೇಗೆ? ಅದಕ್ಕೊಂದು ಕ್ರಮವಿತ್ತು. ಮಾತು ಬಿಟ್ಟವರಿಗೆ ಹೇಳುವುದನ್ನೆಲ್ಲ ಮಾವ ಗೋಡೆಯ ಕ್ಯಾಲೆಂಡರಿಗೆ ಹೇಳುತ್ತಿದ್ದರು.

"ಮಣ್ಣಿನ ಲಾರಿ ಬಂದಿದ್ದರೆ ಗೊತ್ತಾಗಬೇಕಿತ್ತು."

ಸ್ಟೋರಿನವರೂ ಕ್ಯಾಲೆಂಡರನ್ನೇ ನೋಡಿ, "ಬಂದು ಅರ್ಧ ಗಂಟೆ ಆಯ್ತು ಅಂತ ಕಾಣ್ತದೆ" ಎನ್ನುತ್ತಿದ್ದರು. ಒಮ್ಮೆ ಎರ್ಮಾಳಿನಿಂದ ಹಂಚು ಕೊಳ್ಳಲು ಬಂದ ಒಬ್ಬರು ಇದನ್ನೆಲ್ಲ ಬಾಯಿ ಬಿಟ್ಟು ನೋಡಿದರು. ಕೊನೆಗೆ ತಾವೂ ಎದ್ದು ಕ್ಯಾಲೆಂಡರಿನ ಮುಂದೆ ನಿಂತು, "ನನಗೆ ಎರಡು ಸಾವಿರ ಹಂಚು ಬೇಕಿತ್ತು. ಇಲ್ಲಿಯೇ ಹೇಳುದಾ ಮಾರ್ರೆ?" ಎಂದರು. ಲಿಲ್ಲಿ ಬಾಯಿ ಮತ್ತೆ ನಕ್ಕರು. ಅವರ ಜೊತೆಗೆ ಹೇಗೂ ಮಾತಿರಲಿಲ್ಲ, ಇನ್ನು ಬಿಡುವುದಕ್ಕೆ ಎಂತ ಉಂಟು?

ನಾನೂ ನಗುತ್ತಿದ್ದೆ. ನನ್ನ ಸರದಿ ಬರುವವರೆಗೆ.

ನಾನು ಸೇರಿ ಏಳು ವರ್ಷವಾದ ಮೇಲೆ ಒಂದು ದಿನ ಎರ್ಮಾಳಿಗೆ ಹೋಗಬೇಕಿದ್ದ ಹಂಚಿನ ಲಾರಿ ಕಾರ್ಕಳಕ್ಕೆ ಹೋಗಿಬಿಟ್ಟಿತು. ಧಣಿಗಳು ಆಫೀಸಿಗೇ ಬಂದು ಗುಡುಗಿದರು. "ವಿಳಾಸ ಬರೆದದ್ದು ಯಾರು?" ಎಲ್ಲರೂ ತಲೆ ತಗ್ಗಿಸಿದರು. ಚೀಟಿ ನನ್ನ ಕೈಯಲ್ಲಿತ್ತು. ವಯಸ್ಸು ಇಪ್ಪತ್ತನಾಲ್ಕು, ಸತ್ಯಹರಿಶ್ಚಂದ್ರನ ವಂಶ! "ಇದು ಮಾವನ ಅಕ್ಷರ" ಎಂದೆ.

ಧಣಿಗಳು ಹೊರಟುಹೋದರು. ಮಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆ ಸಂಜೆ ಬಸ್ಸಿನಲ್ಲಿ ಅವರು ಮಾತಾಡಲಿಲ್ಲ. ಊಟಕ್ಕೆ ಕುಳಿತಾಗ, ಒಂದು ಮೊಳ ದೂರದಲ್ಲಿದ್ದ ನನ್ನನ್ನು ಬಿಟ್ಟು, ಅಡುಗೆಮನೆಯ ಕಡೆ ತಿರುಗಿ ಅತ್ತೆಗೆ ಹೇಳಿದರು: "ಅವನಿಗೆ ಸಾರು ಬೇಕಾ ಕೇಳು."

ಅತ್ತೆ ಸೌಟು ಹಿಡಿದು ಬಂದವರು ನನ್ನ ಮುಖ ನೋಡಿದರು, ಅವರ ಮುಖ ನೋಡಿದರು. "ನಿನ್ನದೂ ಆಯ್ತಾ ಮಗಾ?" ಎಂದರು.

ಆಯಿತು. ಮಾವನನ್ನು ಧಣಿಗಳ ಎದುರು ಬಿಟ್ಟುಕೊಟ್ಟದ್ದು ತಪ್ಪು, ಒಪ್ಪುತ್ತೇನೆ. ಕಾಲು ಹಿಡಿದು ಕ್ಷಮೆ ಕೇಳಿದೆ ಕೂಡ. ಅವರು ಕಾಲು ಎಳೆದುಕೊಂಡರು. ಒಂಬತ್ತು ವರ್ಷ! ಒಂದೇ ಮನೆ, ಒಂದೇ ಬಸ್ಸು, ಒಂದೇ ಆಫೀಸು. ನನಗೆ ಜ್ವರ ಬಂದರೆ ಔಷಧಿ ತರುತ್ತಿದ್ದರು, ಅದನ್ನು ಕೊಡುತ್ತಿದ್ದದ್ದು ಅತ್ತೆ. ನನಗೆ ಹೆಣ್ಣು ನೋಡಿದ್ದು ಅವರೇ, ಚಪ್ಪರ ಹಾಕಿಸಿದ್ದು ಅವರೇ. ಮದುವೆಯ ದಿನ ಕಾಲಿಗೆ ಬಿದ್ದರೆ ತಲೆಯ ಮೇಲಿನ ಚಪ್ಪರದ ಮಾಡನ್ನು ನೋಡುತ್ತಾ ಅಕ್ಷತೆ ಹಾಕಿದರು. ನನ್ನ ಹೆಂಡತಿಯ ಹತ್ತಿರ, "ನಿನ್ನ ಗಂಡನಿಗೆ ಹೇಳು, ಬೇಗ ಉಣ್ಣಲಿ, ಬಸ್ಸು ಸಿಗುವುದಿಲ್ಲ" ಎಂದರು. ಹೊಸ ಮದುಮಗಳಿಗೆ ನನ್ನ ಮರ್ಯಾದೆ ಎಷ್ಟೆಂದು ಮೊದಲ ದಿನವೇ ಗೊತ್ತಾಯಿತು.

ಆಮೇಲೆ ನಾನು ಬೇರೆ ಬಾಡಿಗೆ ಮನೆ ಮಾಡಿದೆ. ಹೊಟ್ಟೆಯೊಳಗಿನ ಕಹಿ ಜೊತೆಗೇ ಬಂತು. ನನಗೆ ಬೇಕಾದದ್ದು ಹೆಚ್ಚೇನಲ್ಲ. ಒಮ್ಮೆ ನನ್ನ ಮುಖ ನೋಡಿ ಮಾತಾಡಲಿ. ಹೊಗಳುವುದು ಬೇಡ, ಬೈದರೂ ಸಾಕಿತ್ತು.

ಎಂಬತ್ತರ ದಶಕದಲ್ಲಿ ತಾರಸಿ ಮನೆಗಳು ಎದ್ದು ಹಂಚಿಗೆ ಗಿರಾಕಿಗಳು ಕಡಿಮೆಯಾದರು. ಬೊಂಬಾಯಿಯಲ್ಲಿ ಓದಿ ಬಂದ ಸಣ್ಣ ಧಣಿಗಳು ಇದಕ್ಕೆ ಕಾರಣ ಕಂಡುಹಿಡಿದರು: ಆಫೀಸಿನವರಿಗೆ ಪರಸ್ಪರ ಮಾತಾಡಲು ಬರುವುದಿಲ್ಲ! ಒಂದು ಶನಿವಾರ ನಮ್ಮನ್ನೆಲ್ಲ ಮಣಿಪಾಲದ ಒಂದು ಸಭಾಂಗಣಕ್ಕೆ ಕರೆದೊಯ್ದರು. ಅಲ್ಲಿ ಟೈ ಕಟ್ಟಿದ ತರಬೇತುದಾರರೊಬ್ಬರು ಕಾಗದ ಹಂಚಿದರು. ನಿಮ್ಮ ಸಂವಹನ ಕೌಶಲ್ಯಕ್ಕೆ ನೀವೇ ಅಂಕ ಕೊಟ್ಟುಕೊಳ್ಳಿ ಎಂದರು.

ಸಹೋದ್ಯೋಗಿ ಮಾತಾಡುವಾಗ ನಡುವೆ ಬಾಯಿ ಹಾಕುತ್ತೀರಾ? ಮಾವ ಬರೆದರು: ಎಂದೂ ಇಲ್ಲ. ಸಹೋದ್ಯೋಗಿಯ ಮೇಲೆ ದನಿ ಏರಿಸುತ್ತೀರಾ? ಎಂದೂ ಇಲ್ಲ. ಬೆನ್ನ ಹಿಂದೆ ಆಡಿಕೊಳ್ಳುತ್ತೀರಾ? ಎಂದೂ ಇಲ್ಲ. ಒಂದಾದರೂ ಸುಳ್ಳೇ? ಮಾತೇ ಇಲ್ಲದ ಮೇಲೆ ನಡುವೆ ಬಾಯಿ ಹಾಕುವುದೆಲ್ಲಿಂದ! ಇಡೀ ಆಫೀಸಿಗೆ ಮಾವನೇ ಪ್ರಥಮ. ತರಬೇತುದಾರರು ಕೈಕುಲುಕಿ, "ನಿಮ್ಮಂಥವರು ಪ್ರತಿ ಆಫೀಸಿನಲ್ಲೂ ಒಬ್ಬರಿರಬೇಕು" ಎಂದರು. ಸ್ಟೋರಿನವರಿಗೆ ಕೆಮ್ಮು ಬಂತು.

ಮಧ್ಯಾಹ್ನದ ಮೇಲೆ ಇನ್ನೊಂದು ಕಾಗದ. ನಿಮ್ಮ ಒಬ್ಬ ಸಹೋದ್ಯೋಗಿ ಏನನ್ನು ಸುಧಾರಿಸಿಕೊಳ್ಳಬೇಕು, ಬರೆಯಿರಿ, ಅದನ್ನು ಅವರಿಗೇ ಕೊಡುತ್ತೇವೆ, ನಿಮ್ಮ ಹೆಸರು ಹಾಕಬೇಡಿ. ನಾನು ಹೆಸರು ಹಾಕಲಿಲ್ಲ. "ಇವರು ನನ್ನ ಸೋದರಮಾವ. ಒಂಬತ್ತು ವರ್ಷದಿಂದ ನನ್ನ ಜೊತೆ ಮಾತಾಡಿಲ್ಲ. ಇಂಥವರು ಸುಧಾರಿಸುವುದಿಲ್ಲ" ಎಂದು ಬರೆದೆ. ಹೆಸರು ಮುಚ್ಚಿಡುವುದರಲ್ಲಿ ನನ್ನಂಥ ಬುದ್ಧಿವಂತ ಇನ್ನೊಬ್ಬನಿದ್ದಾನೆಯೇ! ಮಾವ ಅದನ್ನು ಓದಿದರು. ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡರು.

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮಾವ ತಮ್ಮ ಕುರ್ಚಿಯಿಂದ ಎದ್ದರು. ಎರಡು ಮೇಜು ದಾಟಿ ನನ್ನ ಮುಂದೆ ಬಂದು ನಿಂತರು. ಟೈಪ್‌ರೈಟರ್ ಸದ್ದು ನಿಂತಿತು. ಅವರು ನನ್ನ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಬಾ ಮಗಾ, ಚಾ ಕುಡಿದು ಬರುವಾ."

ಒಂಬತ್ತು ವರ್ಷ ಕಾದದ್ದು ಇದಕ್ಕೇ ಅಲ್ಲವೇ? ಎದ್ದು ಹೋಗಬೇಕಿತ್ತು. ಆದರೆ ನನ್ನ ಬಾಯಿಗೆ ಏನು ಬಂದಿತ್ತೋ! ಅಮ್ಮ ಬೇಡಿಕೊಂಡಾಗ ಇಲ್ಲ, ನಾನು ಕಾಲು ಹಿಡಿದಾಗ ಇಲ್ಲ, ಟೈ ಕಟ್ಟಿದವನೊಬ್ಬ ಹೇಳಿದ್ದಕ್ಕೆ ಈಗ ಬಂದರೇ ಎಂದು ಉರಿದುಹೋಯಿತು. ನಾನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ಹೇಳಿದೆ:

"ಇಲ್ಲಿ ಕೆಲಸ ಉಂಟು. ಹೋಗುವವರು ಹೋಗಬಹುದು."

ಯಾರೂ ನಗಲಿಲ್ಲ, ಲಿಲ್ಲಿ ಬಾಯಿ ಕೂಡ. ಮಾವನೂ ಒಮ್ಮೆ ಕ್ಯಾಲೆಂಡರನ್ನು ನೋಡಿದರು. "ಹೌದು, ಕೆಲಸ ಉಂಟು" ಎಂದು ಮೆಲ್ಲಗೆ ಹೇಳಿ ತಮ್ಮ ಜಾಗಕ್ಕೆ ಹೋದರು. ಅಂದು ಅವರು ಚಾ ಕುಡಿಯಲಿಲ್ಲ. ಗೆದ್ದೆ ಎಂದುಕೊಂಡು ನಾನು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಾಳೆ ಮಾತಾಡಿಸುತ್ತೇನೆ, ನಾಡಿದ್ದು ಮಾತಾಡಿಸುತ್ತೇನೆ ಎಂದು ನಾನು ದಿನ ದೂಡಿದೆ. ಅವರು ಇನ್ನೊಮ್ಮೆ ಕರೆದರೆ ಹೋಗುವುದೆಂದು ನಿರ್ಧಾರವನ್ನೂ ಮಾಡಿದ್ದೆ. ಮೂರನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಮಾವ ಬಸ್ಸಿಗೆ ಬರಲಿಲ್ಲ. ಎದೆನೋವು ಎಂದು ಅತ್ತೆಗೆ ಹೇಳಿ ಮಲಗಿದವರು ಏಳಲಿಲ್ಲ.

ನಮ್ಮಲ್ಲಿ ಮಾವನ ಉತ್ತರಕ್ರಿಯೆಗೆ ಸೋದರಳಿಯನೇ ಮುಂದೆ ನಿಲ್ಲಬೇಕು. ಹದಿಮೂರನೆಯ ದಿನ ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುವುದು ಕ್ರಮ. ಆಮೇಲೆ ಅಳಿಯ ಅವರನ್ನು ಗಟ್ಟಿಯಾಗಿ ಕರೆದು, ಬಾಗಿಲು ಮುಚ್ಚಿ ಹೊರಗೆ ಕಾಯಬೇಕು. ಎಲ್ಲ ಬಡಿಸಿ ಆಯಿತು. ನನಗೆ ಬಾಯಿ ಬರಲಿಲ್ಲ. ಹಿಂದೆ ನಿಂತಿದ್ದ ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟರು.

"ಕರೆ ಮಗಾ. ನೀನು ಕರೆಯದೆ ಅವರು ಬರುವುದಿಲ್ಲ."

"ಮಾವಾ" ಎಂದೆ. ಒಂಬತ್ತು ವರ್ಷದಿಂದ ಆಡದ ಶಬ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಮತ್ತೊಮ್ಮೆ, ಅಂಗಳದವರಿಗೂ ಕೇಳುವಂತೆ ಕರೆದೆ. "ಮಾವಾ, ಬನ್ನಿ. ನಾನು ಕರೆಯುತ್ತಾ ಇದ್ದೇನೆ. ಬಂದು ಉಣ್ಣಿ."

ಬಾಗಿಲು ಮುಚ್ಚಿದೆ. ಸ್ವಲ್ಪ ಹೊತ್ತಾದ ಮೇಲೆ ಹಿರಿಯರೊಬ್ಬರು, "ಸಾಕು ಮಾರಾಯ, ಇನ್ನು ತೆಗೆಯಬಹುದಲ್ವಾ? ಜನ ಹಸಿದಿದ್ದಾರೆ" ಎಂದರು. ನಾನು ಚಿಲಕದ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

"ಸ್ವಲ್ಪ ಇರಿ" ಎಂದೆ. "ಮಾವ ನಿಧಾನ ಉಣ್ಣುವವರು."