ಪಾತಾಳಕೋಟೆ ಭಾಗ ಎರಡು ಮತ್ತು ವಾಷಿಂಗ್ ಮಶೀನಿನ ಕಾಲು

"ಈ ಸಲ ಯಾರ ಸಹಾಯವೂ ಬೇಡ! ಒಂದೇ ಭಾನುವಾರ, ಒಬ್ಬನೇ ಯೋಧ, ಕೋಟೆ ಖಲಾಸ್!"

ಮಧ್ಯಾಹ್ನ ಊಟ ಮುಗಿಸಿ, ಟವೆಲ್ಲನ್ನು ವೀರಶಾಲಿನಂತೆ ಹೆಗಲಿಗೇರಿಸಿ ಹೀಗೆ ಘೋಷಿಸಿದವನು ಮುಳ್ಳಣ್ಣ. ಗಡಿಯಾರ ರಿಪೇರಿ ಅವನ ಕಸುಬು. ಕಳಚಿಬಿದ್ದ ಮುಳ್ಳುಗಳನ್ನು ಕೂರಿಸಿ ಕೂರಿಸಿ ಬೀದಿಗೆಲ್ಲ ಮುಳ್ಳಣ್ಣನಾಗಿದ್ದ. ಅವನು ಗೆಲ್ಲಲು ಹೊರಟಿದ್ದು 'ಪಾತಾಳಕೋಟೆ' ಎಂಬ ವಿಡಿಯೊ ಗೇಮಿನ ಎರಡನೇ ಭಾಗವನ್ನು. ಆರು ವರ್ಷ ಚಾತಕಪಕ್ಷಿಯಂತೆ ಕಾದ ಮೇಲೆ ಬಂದ ಭಾಗ!

ಮೊದಲ ಭಾಗವನ್ನು ಇವನೊಬ್ಬನೇ ಗೆದ್ದಿರಲಿಲ್ಲ ಎಂಬ ಸತ್ಯವನ್ನು ಇಲ್ಲೇ ಹೇಳಿಬಿಡಬೇಕು. ಅದರಲ್ಲಿ ನಕ್ಷೆಯೇ ಇರಲಿಲ್ಲ. ಎಲ್ಲಿ ನೋಡಿದರೂ ಕತ್ತಲೆ, ಕವಲುದಾರಿ, ಮೂಲೆಗೊಬ್ಬ ರಾಕ್ಷಸ. ಇವನು ಕತ್ತಿ ಬೀಸುತ್ತಿದ್ದರೆ, ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದ ಹೆಂಡತಿ ಸೋಫಾದಲ್ಲಿ ಪಕ್ಕದಲ್ಲೇ ಕಾಲು ಮಡಚಿ ಕೂತು, ಚೌಕುಳಿ ಹಾಳೆಯ ದಪ್ಪ ಪುಸ್ತಕದಲ್ಲಿ ಪ್ರತಿ ಗುಹೆ, ಪ್ರತಿ ಮೆಟ್ಟಿಲು ಗುರುತಿಸುತ್ತಿದ್ದಳು. "ಎಡಕ್ಕೆ ರೀ! ಅಯ್ಯೋ, ಅದು ಬಲ!" ಎಂಬ ಕೂಗಿನಲ್ಲೇ ಎರಡು ವರ್ಷದ ಭಾನುವಾರಗಳು ಕಳೆದಿದ್ದವು.

"ಹಾಗಾದ್ರೆ ಪೆನ್ಸಿಲ್ ಚೂಪು ಮಾಡ್ಕೊಳ್ಳಲಾ?" ಎಂದಳು ಅವಳು, ವಾಷಿಂಗ್ ಮಶೀನಿಗೆ ಬಟ್ಟೆ ತುಂಬುತ್ತ.

"ಬೇಡ್ವೇ ಬೇಡ! ಇದರಲ್ಲಿ ನಕ್ಷೆ ತಾನೇ ಬರ್ಕೊಳ್ಳುತ್ತೆ ಕಣೇ. ಸತ್ರೆ ಮೊದಲಿಂದ ಶುರು ಮಾಡ್ಬೇಕಾಗಿಲ್ಲ, ಸತ್ತ ಜಾಗದಲ್ಲೇ ಏಳಬಹುದು. ಚೀಲ ಹೊರೋಕೆ ಒಂದು ಪ್ರಾಣಿ ಬೇರೆ ಕೊಟ್ಟಿದ್ದಾರೆ. ಹೇಳಿದ ಕಡೆ ಬರುತ್ತೆ, ಬಾಯಿ ಮಾತ್ರ ಬಿಡಲ್ಲ! ಎಂಥಾ ಸುಧಾರಣೆ!"

"ಏನು ಅದರ ಹೆಸರು?"

"ಹೆಸರಿಡಿ ಅಂತ ಕೇಳ್ತು. ಚೀಲ ಹೊರೋದಕ್ಕೆಂಥ ನಾಮಕರಣ? ಖಾಲಿ ಬಿಟ್ಟೆ."

"ಮತ್ತೆ ನನ್ನ ಪುಸ್ತಕ?"

"ಅದಕ್ಕೆ ಇವತ್ತಿಂದ ನಿವೃತ್ತಿ!"

ಅಷ್ಟಕ್ಕೇ ಸುಮ್ಮನಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಮಶೀನಿನ ಒಂದು ಕಾಲು ಗಿಡ್ಡವಾಗಿ, ಅದು ಬಟ್ಟೆ ಒಗೆಯುವಾಗಲೆಲ್ಲ ಕುಂಟುತ್ತಿತ್ತು. ರಿಪೇರಿಯವನ ಕಣ್ಣು! ಪುಸ್ತಕ ತಂದು ಆ ಕಾಲಿನ ಕೆಳಗೆ ತುರುಕಿದ. "ನೋಡು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ!" ಎಂದು ಬೀಗಿದ.

ಹೆಂಡತಿ ಪುಸ್ತಕವನ್ನು ನೋಡಿದಳು, ಗಂಡನನ್ನು ನೋಡಿದಳು, "ಸರಿ" ಎಂದಳು. ಸಂಸಾರಸ್ಥರಿಗೆ ಆ 'ಸರಿ'ಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಶೀನಿನ ಗುಂಡಿ ಒತ್ತಿ, "ಅಕ್ಕನ ಮನೆಗೆ ಹೋಗಿ ಬರ್ತೀನಿ, ಬಟ್ಟೆ ಕಡೆ ಗಮನ ಇರಲಿ" ಎಂದು ಹೊರಟೇಹೋದಳು.

ಮುಳ್ಳಣ್ಣ ಪಾತಾಳಕ್ಕಿಳಿದ. ಆಹಾ! ನೆಲದಡಿಯಲ್ಲಿ ನೇರಳೆ ಬಣ್ಣದ ಸರೋವರ, ಗೋಡೆಯ ಪಾಚಿಯೇ ದೀಪ, ನಡೆದಲ್ಲೆಲ್ಲ ಹಿಂದಿನಿಂದ ತೆರೆದುಕೊಳ್ಳುವ ನಕ್ಷೆ. ಇತ್ತ ಕೋಣೆಯಲ್ಲಿ ಕಿಟಕಿಯ ಪರದೆ ಮೆಲ್ಲಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ತಾನು ಸೋಫಾದಲ್ಲಿದ್ದೇನೋ ದೋಣಿಯಲ್ಲಿದ್ದೇನೋ ಅವನಿಗೇ ತಿಳಿಯದಾಯಿತು.

"ನೋಡೇ ಅಲ್ಲಿ, ಮೀನು ಹಾರ್ತಿದೆ!" ಎಂದು ಪಕ್ಕಕ್ಕೆ ತಿರುಗಿದ. ಸೋಫಾದಲ್ಲಿ ಅವಳು ಕೂತು ಕೂತು ಆಗಿದ್ದ ತಗ್ಗು ಮಾತ್ರ ಇತ್ತು. ಚೀಲದ ಪ್ರಾಣಿ ಟಿವಿ ಪರದೆಯಿಂದ ಅವನನ್ನೇ ಪಿಳಿಪಿಳಿ ನೋಡಿತು, ಬಾಯಿ ಬಿಡಲಿಲ್ಲ. ಮುಳ್ಳಣ್ಣನಿಗೆ ಬೇಜಾರಾಯಿತು, ಸುಳ್ಳೇಕೆ?

ಅಷ್ಟರಲ್ಲಿ ಒಂದು ಹಳೆಯ ಬಾಗಿಲು ಎದುರಾಯಿತು. ಮೊದಲ ಭಾಗದ ಅದೇ ಕೋಟೆ! 'ಇಲ್ಲಿಗೆ ನೀನು ಹಿಂದೆ ಬಂದಿದ್ದೆ. ದಾರಿ ನಿನಗೇ ಗೊತ್ತು' ಎಂಬ ಸಾಲು ಮೂಡಿ, ನಕ್ಷೆ ಅಳಿಸಿಹೋಗಿ ಬೆಳ್ಳಗಾಯಿತು. ಒಳಹೊಕ್ಕ, ಸತ್ತ. ಎದ್ದ, ಸತ್ತ. ಸತ್ತ ಜಾಗದಲ್ಲೇ ಏಳುವುದೆಂದರೆ ಕೊಂದ ರಾಕ್ಷಸನ ಕಾಲಬುಡದಲ್ಲೇ ಏಳುವುದು ಎಂದು ಆಗ ಹೊಳೆಯಿತು!

ಬೇರೆ ದಾರಿಯಿರಲಿಲ್ಲ. ಹೋಗಿ, ಬಟ್ಟೆ ಜಾಲಾಡುತ್ತಿದ್ದ ಮಶೀನನ್ನು ಮೊಣಕಾಲಿನಿಂದ ಎತ್ತಿ, ಪುಸ್ತಕ ಎಳೆದುಕೊಂಡು ಬಂದು ತೆರೆದ. ಸರ್ವೆಯ ಗೆರೆ, ಬಾಣ, ಚುಕ್ಕಿಗಳಲ್ಲಿ ಅವನಿಗೆ ಎಡ ಯಾವುದು ಬಲ ಯಾವುದು ತಲೆಬುಡ ಅರ್ಥವಾಗಲಿಲ್ಲ. ಕೆಂಪು ಗುರುತಿನ ಪಕ್ಕದ ಬರಹ ಮಾತ್ರ ಅರ್ಥವಾಯಿತು: 'ಇಲ್ಲಿ ಇವರು ಸತ್ತರು. ಹತ್ತೊಂಬತ್ತು ಸಲ.' ಇನ್ನೊಂದು ಪುಟದಲ್ಲಿ, ಚಿಕ್ಕ ಗುಹೆಯೊಂದರ ಪಕ್ಕ: 'ಇಲ್ಲಿ ಆಟ ನಿಲ್ಲಿಸಿ ಇಬ್ಬರೂ ಮಿಂಚುಹುಳು ನೋಡಿದೆವು. ತುಂಬ ಹೊತ್ತು.'

ಇದನ್ನಾ ತಾನು ಮಶೀನಿನ ಕಾಲಡಿಗೆ ಇಟ್ಟಿದ್ದು! ಪುಸ್ತಕವನ್ನು ಎದೆಗೊತ್ತಿಕೊಂಡು ಹಾಗೇ ಸೋಫಾಕ್ಕೆ ಒರಗಿದ. ಕಣ್ಣು ಭಾರವಾಯಿತು.

ಎಲ್ಲಿಂದಲೋ ನೀರಿನ ಸದ್ದು ಬಂತು. ಗುಳುಗುಳು, ಧಡಧಡ! ಅರೆನಿದ್ದೆಯಲ್ಲೂ ಮುಳ್ಳಣ್ಣ ತಲೆದೂಗಿದ. ಮೊದಲ ಭಾಗದಲ್ಲಿ ನೀರೆಂದರೆ ನೀಲಿ ಬಟ್ಟೆ ಒದರಿದಂತಿತ್ತು. ಇದರಲ್ಲಿ ಎಂಥಾ ಸಹಜತೆ! ಕಾಲಿಗೆ ತಣ್ಣಗೆ ತಗಲುತ್ತಿದೆ! ಸರೋವರಕ್ಕೆ ಸೋಪಿನ ಪರಿಮಳ ಬೇರೆ! ನೊರೆಮೋಡಗಳು ತೇಲಿ ಬಂದವು. ಅವುಗಳ ನಡುವೆ ಅವನದೇ ಚಪ್ಪಲಿಯೊಂದು ಗಂಭೀರವಾಗಿ ಸಾಗಿ ಹೋಯಿತು. "ಭಲೇ, ದೋಣಿಯೂ ಇದೆ!" ಎಂದು ಗೊಣಗಿದ.

"ರೀ! ಏನ್ರೀ ಇದು?"

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಪಾದ ಮುಳುಗುವಷ್ಟು ನೀರಿನಲ್ಲಿ.

"ಸರೋವರ ಕಣೇ..."

"ಸರೋವರ ಅಲ್ಲ, ನಿಮ್ಮ ಪ್ಯಾಂಟ್ ಒಗೆದ ನೀರು!"

ಮುಳ್ಳಣ್ಣ ಕಣ್ಣುಜ್ಜಿ ನೋಡಿದ. ಆಸರೆ ಕಳೆದುಕೊಂಡ ಮಶೀನು ಕುಣಿಯುತ್ತ ಕುಣಿಯುತ್ತ ಅಡುಗೆಮನೆ ಬಾಗಿಲವರೆಗೆ ಬಂದಿತ್ತು. ನೀರು ಹೊರಹೋಗುವ ಪೈಪು ಕಿತ್ತುಕೊಂಡು ಹಾವಿನಂತೆ ಹಿಂದೆ ಬಿದ್ದಿತ್ತು.

"ಅದು... ಕಾಲಿನ ಕೆಳಗಿಂದ ಪುಸ್ತಕ ತೆಗೆದೆ."

"ಅದಕ್ಕೆ ನಿವೃತ್ತಿ ಆಗಿತ್ತಲ್ಲ?"

"ಮತ್ತೆ ಕೆಲಸಕ್ಕೆ ಕರೆದಿದ್ದೀನಿ."

"ನಕ್ಷೆ ತಾನೇ ಬರ್ಕೊಳ್ಳುತ್ತೆ ಅಂದ್ರಲ್ಲ, ನೆಲ ತಾನೇ ಒರೆಸ್ಕೊಳ್ಳುತ್ತಾ?"

ಮುಳ್ಳಣ್ಣ ಪುಸ್ತಕವನ್ನು ಅವಳ ಕೈಗಿಟ್ಟ. ಅದೊಂದು ಮಾತ್ರ ನೆನೆದಿರಲಿಲ್ಲ. "ತಪ್ಪಾಯ್ತು ಕಣೇ. ಎರಡನೇ ಭಾಗದಲ್ಲಿ ಎಲ್ಲಾ ಚೆನ್ನಾಗಿದೆ. ಪಕ್ಕದಲ್ಲಿ ನೀನಿಲ್ಲ, ಅದೊಂದೇ ಕೊರತೆ."

ಅವಳು ಬಂದ ನಗುವನ್ನು ತುಟಿ ಕಚ್ಚಿ ತಡೆದಳು. ಮಶೀನು ಆರಿಸಿ, ಬಕೆಟ್ಟು, ಒರೆಸುವ ಬಟ್ಟೆ ತಂದು ಅವನ ಮುಂದಿಟ್ಟಳು. ಆಮೇಲೆ ಸೋಫಾದ ತನ್ನ ತಗ್ಗಿನಲ್ಲಿ ಕಾಲು ಮಡಚಿ ಕೂತು ಕಂಟ್ರೋಲರ್ ಕೈಗೆತ್ತಿಕೊಂಡಳು. ಎಡ, ಎಡ, ಬಗ್ಗು, ಮೆಟ್ಟಿಲು! ರಾಕ್ಷಸ ತಿರುಗಿ ನೋಡುವಷ್ಟರಲ್ಲಿ ದಾಟಿಯಾಗಿತ್ತು.

"ಪುಸ್ತಕ ನೋಡದೇನೇ?" ಮುಳ್ಳಣ್ಣ ಬಾಯಿ ಬಿಟ್ಟ.

"ಹತ್ತೊಂಬತ್ತು ಸಲ ನೀವು ಸತ್ತಿದ್ದು ನೋಡಿದವಳಿಗೆ ಪುಸ್ತಕ ಯಾಕ್ರೀ?"

ಚಿಕ್ಕ ಗುಹೆ ಬಂತು. ಮಿಂಚುಹುಳುಗಳು ಈ ಭಾಗದಲ್ಲಿ ಸಾವಿರವಾಗಿದ್ದವು. ಅವುಗಳ ಬೆಳಕು ಒದ್ದೆ ನೆಲದ ಮೇಲೆಲ್ಲ ಹರಡಿ, ಕೋಣೆಯೇ ತೇಲುತ್ತಿರುವಂತೆ ಕಂಡಿತು. ಅವಳು ಆಟ ನಿಲ್ಲಿಸಿದಳು, ಅವನು ಒರೆಸುವುದನ್ನು ನಿಲ್ಲಿಸಿದ. ಇಬ್ಬರೂ ತುಂಬ ಹೊತ್ತು ನೋಡಿದರು.

"ಪಾಪ, ಈ ಪ್ರಾಣಿಗೆ ಹೆಸರೇ ಇಲ್ಲ" ಎಂದಳು ಆಮೇಲೆ. "ಹೇಳಿದ ಕಡೆ ಬರುತ್ತೆ, ಭಾರ ಹೊರುತ್ತೆ, ಬಾಯಿ ಬಿಡಲ್ಲ. ಅಲ್ವಾ?"

"ಹೂಂ" ಎಂದ ಅವನು, ಬಟ್ಟೆ ಹಿಂಡುತ್ತ.

ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು. ಮು. ಳ್ಳ. ಣ್ಣ.

ಮುಳ್ಳಣ್ಣ ಏನೋ ಹೇಳಲು ಹೊರಟ. ಅವಳು ಒಮ್ಮೆ ತಿರುಗಿ ನೋಡಿದಳು, ಅಷ್ಟೆ. ಪಾತಾಳದಲ್ಲಿ ಪ್ರಾಣಿ ಬಾಯಿ ಬಿಡದೆ ಚೀಲ ಎತ್ತಿಕೊಂಡಿತು. ಇತ್ತ ಮುಳ್ಳಣ್ಣ ಬಾಯಿ ಬಿಡದೆ ಬಕೆಟ್ಟು ಎತ್ತಿಕೊಂಡ.