ನಿಗಡಿ ಕೇಂದ್ರಕ್ಕ ನಾವು ಮಾರ್ಕ್ಸ್ ಹಾಕಿದ್ದು

ಮಂದಿ ಮನಿಗೆ ಹೋಗಿ, ಉಂಡು, ಸಾರಿಗೆ ಉಪ್ಪು ಕಡಿಮಿ ಆಗೇದ ಅಂತ ಹೇಳಿ ಬರಾಂವಗ ಯಾರೂ ಪಗಾರ ಕೊಡಂಗಿಲ್ಲ. ನನಗ ಕೊಡ್ತಾರ. ಕೈಯಾಗ ರೊಕ್ಕ ಇಲ್ಲದ ಕಂಗಾಲಾದವರಿಗೆ ರೇಷನ್ ಕಾರ್ಡು, ಪಿಂಚಣಿ ಅಂತ ದಾರಿ ತೋರಸೋ ಸಲಹಾ ಕೇಂದ್ರ ಪುಣೆದಾಗ ಅಲ್ಲಲ್ಲಿ ಅವ. ಅವು ನೆಟ್ಟಗ ನಡದಾವೋ ಇಲ್ಲೋ ನೋಡಿ ಮಾರ್ಕ್ಸ್ ಹಾಕೋದು ನನ್ನ ನೌಕರಿ. ಇನ್ನೊಬ್ಬರಿಗೆ ಮಾರ್ಕ್ಸ್ ಹಾಕಲಿಕ್ಕೆ ಕೂತಾಂವ ತಾನ ಫೇಲ್ ಆಗೋದು ಈ ಧಂದೆಯೊಳಗ ದಿನಾ ನಡಿಯೋ ಮಾತು.

ಪುಣೆದ ನಿಗಡಿ ಬಡಾವಣಿಯ ಕೇಂದ್ರ ಅಂದ್ರ ಹಿಟ್ಟಿನ ಗಿರಣಿ ಬಾಜೂಕ ಒಂದು ತಗಡಿನ ಶೆಡ್. ನಡಸೋರು ಯಾದಗಿರಿ ಕಡೆಯ ಒಬ್ಬ ಅಕ್ಕ, ಇಲ್ಲಿಗೆ ದುಡಿಲಿಕ್ಕೆ ಬಂದ ನಮ್ಮ ಕಡೆ ಮಂದಿ ಹಂಗ ಮೊದಲ ತಾವೂ ಇಟ್ಟಂಗಿ ಹೊತ್ತವರು. ಈ ಸಲ ವರದಿ ಚೊಲೊ ಬರಲಿಲ್ಲಂದ್ರ ಕೇಂದ್ರಕ್ಕ ಬೀಗ ಅಂತ ಆಫೀಸಿನವರು ಹೇಳಿ ಕಳಿಸಿದ್ರು. ಅಕ್ಕಗೂ ಅದು ಗೊತ್ತಿತ್ತು. ಅಕ್ಕನ ಕೆಲಸ ಭಾಳ ಚೊಲೊ ಅದ ಅಂತ ನನಗ ಗೊತ್ತಿತ್ತು. ಆದ್ರ ನಾನು ಅನ್ನೋದು ನಡಿಯಂಗಿಲ್ಲ, ಮಂದಿ ಅನಬೇಕು.

೧. ಮೂರು ಮುಖ

ಓದಲಿಕ್ಕೆ ಬಾರದವರಿಗೆ ಅಂತ ಆಫೀಸಿನವರು ಒಂದು ಹಾಳಿ ಕೊಟ್ಟಿದ್ರು. ನಗೋ ಮುಖ, ಸುಮ್ನಿರೋ ಮುಖ, ಅಳೋ ಮುಖ. ಕೇಂದ್ರದ ಕೆಲಸ ಹೆಂಗ ಅನಸ್ತದೋ ಆ ಮುಖದ ಮ್ಯಾಲೆ ಬೆರಳಿನ ಗುರುತು ಒತ್ತಬೇಕು. ಸಂಜಿ ತನಕ ಕೂತೆ. ಬಂದವರಷ್ಟೂ ಅಳೋ ಮುಖಕ್ಕ ಒತ್ತಿದ್ರು. ಅಕ್ಕನ ಮಾರಿ ನೋಡಲಿಕ್ಕೆ ಆಗವಲ್ದು.

ಕಡಿಗೆ ಒಬ್ಬ ಮುದುಕಿನ್ನ ಹಿಡದು ಕೇಳಿದೆ, ಆಯಿ, ಅಕ್ಕ ನಿನಗ ಪಿಂಚಣಿ ಕೊಡಿಸ್ಯಾರ, ಮತ್ತ್ಯಾಕ ಅಳೋ ಮುಖ ಅಂತ.

"ತಮ್ಮಾ, ನಕ್ಕೆ ಅಂದ್ರ ಈಕಿಗೇನು ಕಷ್ಟ ಅದ ಅಂತ ಪಿಂಚಣಿ ನಿಲ್ಲಸ್ತೀರಿ. ನಾ ಅಷ್ಟು ಹುಚ್ಚಿ ಅಲ್ಲ."

ಇದು ನಿಮ್ಮ ಕಷ್ಟದ ಲೆಕ್ಕ ಅಲ್ರೆವ್ವಾ, ಅಕ್ಕನ ಕೆಲಸಕ್ಕ ಮಾರ್ಕ್ಸ್ ಅಂತ ಎಲ್ಲಾರಿಗೂ ತಿಳಿಸಿ ಹೇಳಿದೆ. ಮರುದಿನ ಸಾಲು ರಸ್ತಾತನಕ ಹೋತು. ಕೇಂದ್ರದ ಒಳಗ ಕಾಲಿಡದವರೂ ಬಂದು ನಗೋ ಮುಖಕ್ಕ ಒತ್ತಿದ್ರು. ಗಿರಣಿಗೆ ಬಂದಿದ್ದ ಒಬ್ಬಾಕಿ ಡಬ್ಬಿ ಹೊತ್ತುಕೊಂಡು ನಿಂತು, ಹಿಟ್ಟು ಭಾಳ ಸಣ್ಣಗ ಬಂದದ ಅಂತ ಎರಡು ಸಲ ಒತ್ತಿ ಹೋದ್ಲು.

೨. ತಕರಾರಿನ ಪೆಟ್ಟಿಗಿ

ಒಂದಿನ ಬರೇ ಅಳು, ಮರುದಿನ ಬರೇ ನಗು ಅಂತ ಮುಖದ ಹಾಳಿ ಆಫೀಸಿನವರು ಒಪ್ಪಲಿಲ್ಲ. ತಕರಾರಿದ್ರ ಚೀಟಿ ಬರದು ಹಾಕ್ರಿ ಅಂತ ಕೀಲಿ ಇದ್ದ ಒಂದು ಪೆಟ್ಟಿಗಿ ಕಳಿಸಿದ್ರು. ಶೆಡ್ಡಿನಾಗ ಇದ್ದದ್ದು ಒಂದ ಮೊಳಿ, ಖಂಡೋಬ ದೇವರ ಫೋಟೋದ ಕೆಳಗ. ಅಕ್ಕ ಅಲ್ಲೇ ಪೆಟ್ಟಿಗಿ ತೂಗಹಾಕಿದ್ರು.

ತಿಂಗಳಾದ ಮ್ಯಾಲೆ ಕೀಲಿ ತಗದೆ. ಭಸಕ್ಕನ ಅರಿಷಿಣದ ಭಂಡಾರ ಮಾರಿಗೆ ಹಾರ್ತು. ಖಂಡೋಬನ ಗುಡಿಗೆ ಜೇಜುರಿಗೆ ಹೋಗಿ ಬಂದವರೆಲ್ಲಾ ದೇವರ ಪೆಟ್ಟಿಗಿ ಅಂತ ತಿಳಕೊಂಡು ಮುಟಗಿ ಮುಟಗಿ ಅರಿಷಿಣ ಸುರುವಿದ್ರು, ಮ್ಯಾಲೆ ಎರಡು ಕೊಬ್ಬರಿ ಹೋಳು. ತಕರಾರು ಒಂದೂ ಇಲ್ಲ ಅಂತ ಖುಷಿ ಆಗೂದರೊಳಗ ತಳದಾಗ ಒಂದು ಚೀಟಿ ಸಿಕ್ತು. "ಯಪ್ಪಾ ಖಂಡೋಬಾ, ಅಕ್ಕನ ಕೇಂದ್ರ ಉಳಸು. ಆ ಮಾರ್ಕ್ಸ್ ಹಾಕಾಂವಗ ಒಂಚೂರು ಬುದ್ಧಿ ಕೊಡು."

ಇದನ್ನ ಯಾರ ಮ್ಯಾಲಿನ ತಕರಾರು ಅಂತ ಬರಿಯೋದು ಅಂತ ನನಗ ಇವತ್ತಿಗೂ ಬಗಿಹರದಿಲ್ಲ.

೩. ವೇಷದ ಬಡವ

ಎರಡೂ ಕೆಟ್ಟ ಮ್ಯಾಲೆ ನಮ್ಮ ಸಾಹೇಬ್ರು ತಾವ ಎದ್ರು. ಆಫೀಸಿಗೆ ದೊಡ್ಡವರು, ಹುಬ್ಬಳ್ಳಿ ಕಡೆಯವರು, ನಿಗಡಿಯೊಳಗ ಸ್ವಂತ ಬಂಗಲೆ. ಅಕ್ಕ ಅವರನ್ನ ನೋಡಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ. ಬಡವನ ವೇಷದಾಗ ಹೋಗಿ ನಾನ ಪರೀಕ್ಷಾ ಮಾಡ್ತೀನಿ, ಇಲ್ಲಾ ಪಾಸು, ಇಲ್ಲಾ ಬೀಗ ಅಂದ್ರು. ಮನ್ಯಾಗ ಹರಕ ಅಂಗಿ ಸಿಗಲಿಲ್ಲಂತ ಡ್ರೈವರನ ಅಂಗಿ ಇಸಕೊಂಡ್ರು. ಅದು ಹರಕಲ್ರಿ ಸಾಹೇಬ್ರ, ದೀಪಾವಳಿದು ಅಂದನಂತ ಪಾಪ.

ಕೆಲಸ ಹೋಗೇದ, ಎರಡು ದಿನದಿಂದ ಒಲಿ ಹೊತ್ತಿಲ್ಲ ಅಂತ ಸಾಹೇಬ್ರು ಅಕ್ಕನ ಮುಂದ ಶುರು ಮಾಡಿದ್ರು. ಅಷ್ಟರಾಗ ಆ ಪಿಂಚಣಿ ಮುದುಕಿ ತನ್ನ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಲು. ಎರಡು ದಿನ ಉಪವಾಸ ಇದ್ದಾಂವ ಒಲ್ಲೆ ಅನ್ನೋದು ಹೆಂಗ? ಉಪ್ಪಿಟ್ಟು ತಿಂದು ಬಂದಿದ್ದ ಸಾಹೇಬ್ರು ಮೂರು ರೊಟ್ಟಿ ಇಳಿಸಿದ್ರು. ಅಕ್ಕ ಆಧಾರ್ ಕಾರ್ಡು ಕೇಳಿದ್ರು. ಸಾಹೇಬ್ರು ರೂಢಿ ಮ್ಯಾಲೆ ತಗದು ಕೊಟ್ಟ್ರು. ವಿಳಾಸ ಬರಕೊಂಡ ಅಕ್ಕ, ನಾಳೆ ಮನಿಗೆ ಬಂದು ನೋಡ್ತೀನಿ, ಮನಿ ನೋಡದ ನಾವು ಯಾರನ್ನೂ ಬಿಡಂಗಿಲ್ಲ ಅಂದ್ರು. ಮೂರನೇ ರೊಟ್ಟಿ ಸಾಹೇಬ್ರ ಗಂಟಲದಾಗ ನಿಂತಿತು.

ಮರುದಿನ ಐತವಾರ. ವರದಿ ಬರಿಲಿಕ್ಕೆ ನಾ ಬಂಗಲೆ ವರಾಂಡದಾಗ ಕೂತಿದ್ದೆ. ಸಾಹೇಬ್ರು ಬನಿಯನ್ ಮ್ಯಾಲೆ ಗೇಟಿನ ಹತ್ರ ಗಿಡಕ್ಕ ನೀರು ಹಾಕಲಿಕ್ಕತ್ತಿದ್ರು. ಮುದುಕಿ ಕೊಟ್ಟ ಹಿಟ್ಟಿನ ಗಂಟು ಹಿಡಕೊಂಡು ಅಕ್ಕ ಬಂದೇಬಿಟ್ರು. ನಾ ಕುಂಡದ ಹಿಂದ ಸರದೆ. ಅಕ್ಕ ಬಂಗಲೆ ನೋಡಿದ್ರು, ಸಾಹೇಬ್ರನ್ನ ನೋಡಿದ್ರು, ಮಾರಿ ಅರಳ್ತು.

"ಅಂತೂ ಹೋದ ಕೆಲಸ ತಿರುಗಿ ಸಿಕ್ತಲ್ರಿ ಅಣ್ಣಾ. ಚೊಲೊ ಬಂಗಲೆ ಅದ, ನೆಟ್ಟಗ ಕಾಯ್ಕೊಂಡು ಇರ್ರಿ."

ಅಕ್ಕನ ಕಣ್ಣಾಗ ನೀರು. ಸಾಹೇಬ್ರು ಹೂಂ ಅಂತ ತಲಿ ಅಲ್ಲಾಡಿಸಿ ಬಾಜೂಕಿನ ಗಿಡಕ್ಕ ನೀರು ಬಿಟ್ರು. ಅಷ್ಟರಾಗ ಅವರ ಹೆಂಡತಿ ಸೌಟು ಹಿಡಕೊಂಡು ಹೊರಗ ಬಂದು, ನೀರು ಹಾಕಲಿಕ್ಕೆ ಎಷ್ಟೊತ್ತು ಅಂತ ಜಾಡಿಸಿದ್ರು. ಅಕ್ಕ ಗಂಟು ಅವರ ಕೈಯಾಗಿಟ್ಟು, ಇನ್ನ ಉಪವಾಸದ ಚಿಂತಿ ಬ್ಯಾಡ ತಂಗಿ ಅಂತ ಬೆನ್ನು ಸವರಿ ಹೋದ್ರು.

ಸೋಮವಾರ ಕೇಂದ್ರದ ಫೈಲು ಆಫೀಸಿಗೆ ಬಂತು. ಸಾಹೇಬ್ರು ತಮ್ಮ ಹಾಳಿ ಹುಡುಕಿ, ಓದು ಅಂತ ನನ್ನ ಕೈಗೆ ಕೊಟ್ಟ್ರು. ಅಕ್ಕ ಬರದಿದ್ರು: "ಬಂಗಲೆ ಕಾಯುವ ಕೆಲಸ ಮತ್ತೆ ಸಿಕ್ಕಿದೆ. ಹೆಂಡತಿಗೂ ಅಲ್ಲಿಯೇ ಅಡಿಗೆ ಕೆಲಸ. ಆದರೆ ಆಕೆ ಮನೆ ತನ್ನದೇ ಅನ್ನುವ ಹಾಗೆ ಜೋರು ಮಾಡುತ್ತಾಳೆ. ಮಾಲಕರು ನೋಡಿದರೆ ಇಬ್ಬರ ಕೆಲಸವೂ ಹೋದೀತು. ತಿಂಗಳಿಗೊಮ್ಮೆ ಹೋಗಿ ಆಕೆಗೆ ಬುದ್ಧಿ ಹೇಳಬೇಕು."

ನನಗ ನಗಿ ತಡೀವಲ್ದು, ಬೀಗದ ಅಂಜಿಕಿನೂ ಬಿಡವಲ್ದು. ಸಾಹೇಬ್ರು ಬಾಗಿಲಾ ಹಾಕಿ ಬಂದು ಸಣ್ಣ ದನಿಯೊಳಗ ಅಂದ್ರು:

"ಪೂರ್ತಿ ಮಾರ್ಕ್ಸ್ ಹಾಕು, ಕೇಂದ್ರ ನಡೀಲಿ. ಮತ್ತ ಆ ಅಕ್ಕಗ ಹೇಳು, ತಿಂಗಳಿಗೊಮ್ಮೆ ಸಾಲಂಗಿಲ್ಲ, ವಾರಕ್ಕೊಮ್ಮೆ ಬರಲಿ."