ಪಾತಾಳದ ಚಿಕ್ಕಪ್ಪ

ಬಂಟ್ವಾಳದಿಂದ ಪಾತಾಳಕ್ಕೆ ಹೋಗುವ ದಾರಿ ಯಾರಿಗಾದರೂ ಬೇಕಿದ್ದರೆ ನಮ್ಮ ದೊಡ್ಡಮ್ಮನನ್ನು ಕೇಳಬೇಕು. ನದಿ ಎಲ್ಲಿ ಅಡ್ಡ ಬರುತ್ತದೆ, ಅಂಬಿಗನ ಸ್ವಭಾವ ಹೇಗೆ, ಬಾಗಿಲಲ್ಲಿ ಮಲಗಿರುವ ಮೂರು ತಲೆಯ ನಾಯಿಗೆ ಏನು ಹಾಕಿದರೆ ಸುಮ್ಮನಾಗುತ್ತದೆ, ಎಲ್ಲವೂ ಅವಳಿಗೆ ಗೊತ್ತು. ಅಲ್ಲಿ ಹೋದವರು ಏನನ್ನೂ ತಿನ್ನಬಾರದು, ದಾಳಿಂಬೆಯನ್ನಂತೂ ಮುಟ್ಟಲೇಬಾರದು ಎಂಬ ಎಚ್ಚರಿಕೆಯನ್ನೂ ಕೊಡುತ್ತಾಳೆ. ಹಾಗೆಂದು ಅವಳನ್ನು ಮಂತ್ರವಾದಿ ಎಂದುಕೊಳ್ಳಬೇಡಿ! ಅವಳು ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಮದುವೆಯಾಗದೆ, ಮೆಲ್ಕಾರಿನ ನಮ್ಮ ಮನೆಯಲ್ಲೇ, ತಂಗಿಯಾದ ನನ್ನ ಅಮ್ಮನ ಜೊತೆಗೇ ಇದ್ದಾಳೆ.

ಈ ಪಾತಾಳದ ಹುಚ್ಚು ಹತ್ತಿದ್ದು ಒಂಬತ್ತನೇ ಕ್ಲಾಸಿನ ಹುಡುಗಿಯರಿಂದ. ಒಬ್ಬಳು ಪಾಠದ ಹೊತ್ತಿನಲ್ಲಿ ಡೆಸ್ಕಿನ ಅಡಿಯಲ್ಲಿಟ್ಟು ದಪ್ಪ ಇಂಗ್ಲಿಷ್ ಕಾದಂಬರಿ ಓದುತ್ತಿದ್ದಳಂತೆ. ಮುಖಪುಟದಲ್ಲಿ ಕಪ್ಪು ಕೋಟಿನ ಹುಡುಗ, ತಲೆತುಂಬ ಹೂವಿನ ಹುಡುಗಿ, ಹಿಂದೆ ಬರೀ ಹೊಗೆ. ದೊಡ್ಡಮ್ಮ ಕಸಿದುಕೊಂಡಳು. ಮಕ್ಕಳು ಎಷ್ಟು ಹಾಳಾಗಿದ್ದಾರೆಂದು ನೋಡೋಣ ಎಂದು ಮನೆಗೆ ತಂದು ಓದಿದಳು. ಮರುದಿನ ಕ್ಲಾಸಿಗೆ ಹೋಗಿ ಪುಸ್ತಕವನ್ನು ಮೇಜಿನ ಮೇಲೆ ಇಟ್ಟಾಗ ಆ ಹುಡುಗಿ ಅಳಲು ತಯಾರಾಗಿ ನಿಂತಿದ್ದಳಂತೆ. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಇದರ ಎರಡನೇ ಭಾಗ ಯಾರಲ್ಲಿ ಉಂಟು?"

ಅಲ್ಲಿಂದ ಶುರುವಾಯಿತು ನೋಡಿ! ಅವಳು ಓದುವ ಪುಸ್ತಕಗಳ ಹೆಸರು ಬೇರೆ ಬೇರೆ, ಕಥೆ ಮಾತ್ರ ಒಂದೇ. ಹೂವು ಕೊಯ್ಯುತ್ತಿದ್ದ ಎಳೆ ಹುಡುಗಿಯನ್ನು ಗ್ರೀಕರ ಪಾತಾಳದ ಅರಸ ಭೂಮಿಯ ಒಳಗೆ ಕರೆದೊಯ್ಯುತ್ತಾನೆ. ತಾಯಿ ಅತ್ತು ಅತ್ತು ಭೂಮಿಯೆಲ್ಲ ಒಣಗುತ್ತದೆ. ಕೊನೆಗೆ, ಹುಡುಗಿ ಪಾತಾಳದ ದಾಳಿಂಬೆ ತಿಂದುಬಿಟ್ಟದ್ದರಿಂದ, ಆರು ತಿಂಗಳು ಅಲ್ಲಿ, ಆರು ತಿಂಗಳು ತಾಯಿಯ ಹತ್ತಿರ ಎಂದು ರಾಜಿಯಾಗುತ್ತದೆ. ಹಳೆಯ ಕಥೆಯಲ್ಲಿ ಅವನು ಹುಡುಗಿಯನ್ನು ಹೊತ್ತೊಯ್ದ ಕಳ್ಳ. ಈ ಹೊಸ ಪುಸ್ತಕಗಳಲ್ಲಿ ಅವನು ಎತ್ತರದ, ಮೌನಿಯಾದ, ದುಃಖದ ಕಣ್ಣುಗಳ ಚೆಲುವ.

"ಸಾವಿರ ವರ್ಷದಿಂದ ಒಮ್ಮೆಯೂ ನಕ್ಕಿಲ್ಲ, ಪಾಪ," ಎಂದು ದೊಡ್ಡಮ್ಮ ದೋಸೆ ಹೊಯ್ಯುತ್ತ ನಿಟ್ಟುಸಿರು ಬಿಟ್ಟರೆ, ಅಮ್ಮ, "ಅವನಿಗೆ ಗ್ಯಾಸ್ಟ್ರಿಕ್ ಇರ್ಬೇಕು ಅಕ್ಕಾ. ಸ್ವಲ್ಪ ಜೀರಿಗೆ ಕಷಾಯ ಕೊಡ್ಲಿಕ್ಕೆ ಹೇಳು," ಎನ್ನುತ್ತಿದ್ದಳು.

ದಿನವೂ ಬಸ್ಸಿನಲ್ಲಿ ಓದುತ್ತ ಹೋಗುವುದು ಅವಳ ಕ್ರಮ. ಒಮ್ಮೆ ಮೂಡುಬಿದಿರೆ ಕಳೆದು ಶಿರ್ತಾಡಿ ಬಂದರೂ ಇಳಿಯಲಿಲ್ಲ. ಕಂಡಕ್ಟರ್ ಹತ್ತಿರ ಬಂದು, "ಟೀಚರ್, ನಿಮ್ಮ ಶಾಲೆ ಹಿಂದೆ ಹೋಯ್ತಲ್ಲ, ನೀವು ಎಲ್ಲಿದ್ದೀರಿ?" ಎಂದನಂತೆ. ದೊಡ್ಡಮ್ಮ ಪುಟದಿಂದ ಕಣ್ಣು ತೆಗೆಯದೆ, "ಪಾತಾಳದಲ್ಲಿದ್ದೇನೆ ಮಾರಾಯ, ಈಗಷ್ಟೇ ನದಿ ದಾಟಿದ್ದು," ಎಂದಳು. ಕಂಡಕ್ಟರ್ ಸ್ವಲ್ಪ ಯೋಚಿಸಿ, "ಅಲ್ಲಿಗೆ ನಮ್ಮ ಪರ್ಮಿಟ್ ಇಲ್ಲ ಟೀಚರ್," ಎಂದು ಇಳಿಸಿದ!

ಇಷ್ಟೇ ಆಗಿದ್ದರೆ ನಾವು ನಕ್ಕು ಸುಮ್ಮನಿರುತ್ತಿದ್ದೆವು. ಆದರೆ ಈ ಹುಚ್ಚು ನನ್ನ ಮದುವೆಯ ಬುಡಕ್ಕೇ ಬಂತು. ನನಗೆ ಹುಡುಗ ನಿಶ್ಚಯವಾದ ಮೇಲೂ ಒಂದಲ್ಲ ಒಂದು ವಿಘ್ನ. ಹಿರಿಯರು ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಅಡ್ಡ ನಿಂತದ್ದಾಗಿ ಕಂಡದ್ದು ಚಿಕ್ಕಮ್ಮ. ಅಮ್ಮನ ಮತ್ತು ದೊಡ್ಡಮ್ಮನ ಕೊನೆಯ ತಂಗಿ, ಕಾಲೇಜು ಓದುತ್ತಿದ್ದಾಗ ಜ್ವರ ಬಂದು ಹತ್ತೊಂಬತ್ತಕ್ಕೇ ತೀರಿಕೊಂಡವಳು. ಮದುವೆಯಾಗದೆ ಹೋದವರಿಗೂ ನಮ್ಮ ತುಳುವರಲ್ಲಿ ಮದುವೆ ಮಾಡುವ ಕ್ರಮವಿದೆ. ಹಾಗೆಯೇ ತೀರಿಕೊಂಡ ಇನ್ನೊಬ್ಬ ಹುಡುಗನನ್ನು ಹುಡುಕಿ, ಬಳಿ ಎಂಬ ಕುಲ, ನಕ್ಷತ್ರ ಎಲ್ಲ ನೋಡಿ, ಧಾರೆ ಎರೆದು ಕೊಡಬೇಕು. ಅದಕ್ಕೆ ಪೇಪರಿನಲ್ಲಿ ಜಾಹೀರಾತು ಕೂಡ ಬರುತ್ತದೆ. ಚಿಕ್ಕಮ್ಮನ ಮದುವೆ ಆಗದೆ ನನ್ನದಾಗದು ಎಂದು ತೀರ್ಮಾನವಾಯಿತು. ಐವತ್ತು ದಾಟಿ ಮದುವೆಯಾಗದೆ ಕುಳಿತ ದೊಡ್ಡಮ್ಮನಿಂದ ಯಾರಿಗೂ ತೊಂದರೆ ಇಲ್ಲವಂತೆ! ಬದುಕಿರುವವರಿಗೆ ಅಷ್ಟು ಶಕ್ತಿ ಇರುವುದಿಲ್ಲ.

ವರನನ್ನು ಒಪ್ಪುವ ಅಧಿಕಾರ ಚಿಕ್ಕಮ್ಮನನ್ನು ಎತ್ತಿ ಆಡಿಸಿದ ದೊಡ್ಡಮ್ಮನದ್ದು. ಅವಳು ಒಪ್ಪಬೇಕಲ್ಲ? ಬೆಳ್ತಂಗಡಿ ಕಡೆಯ ಮೊದಲ ಸಂಬಂಧ ಕುಡಿದು ಲಿವರ್ ಹಾಳುಮಾಡಿಕೊಂಡವನದು. "ಅಲ್ಲಿಯೂ ಕುಡಿಯುದಿಲ್ಲ ಅಂತ ಯಾರು ಗ್ಯಾರಂಟಿ ಕೊಡ್ತಾರೆ?" ಎಂದು ಬೇಡವೆಂದಳು. ಎರಡನೆಯವನು ಇಂಜಿನಿಯರ್, ಬೈಕಿನಿಂದ ಬಿದ್ದು ಹೋದವನು. "ಹೆಲ್ಮೆಟ್ ಹಾಕದವ ನನ್ನ ತಂಗಿಯನ್ನು ಹಿಂದೆ ಕೂರಿಸಿಕೊಂಡು ತಿರುಗುದು ಬೇಡ." ಮೂರನೆಯವನ ಫೋಟೋ ನೋಡಿ, ಇವನ ಕಣ್ಣಲ್ಲಿ ದುಃಖವೇ ಇಲ್ಲ ಎಂದಳು. ನನ್ನನ್ನು ಮದುವೆಯಾಗಬೇಕಿದ್ದ ಹುಡುಗ ವಾರವಾರ ಫೋನ್ ಮಾಡಿ, "ನಿನ್ನ ಚಿಕ್ಕಮ್ಮನಿಗೆ ಯಾರಾದರೂ ಸಿಕ್ಕಿದ್ರಾ?" ಎಂದು ವಿಚಾರಿಸುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತ್ತು.

"ಸತ್ತವರಿಗೆ ಹುಡುಗ ನೋಡುದಾ, ಕಾದಂಬರಿಗೆ ನಾಯಕನನ್ನು ನೋಡುದಾ?" ಎಂದು ನಾನು ಅಮ್ಮನ ಮುಂದೆ ಕೂಗಾಡಿದೆ.

ಅಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದಳು. "ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಹೋದವರಿಗೆ ಬಡಿಸ್ತೇವಲ್ಲ, ತಂಗಿಯ ಎಲೆ ಇಷ್ಟು ವರ್ಷ ಹಾಕಿದ್ದು ಅಕ್ಕ ಒಬ್ಬಳೇ. ಮದುವೆ ಆದ್ಮೇಲೆ ಅವಳು ಗಂಡನ ಮನೆಯವಳು. ಎಲೆ ಅಲ್ಲಿ ಬೀಳ್ತದೆ, ಇಲ್ಲಿ ಇಲ್ಲ. ಅಕ್ಕ ಹೇಗೆ ಒಪ್ಪುದು? ಅವಳ ಪುಸ್ತಕದಲ್ಲಾದ್ರೂ ಹೋದ ಹುಡುಗಿ ವಾಪಾಸ್ ಬರ್ತಾಳೆ."

ನನಗೆ ಮದುವೆ ಬೇಕಿತ್ತು, ಅವಳಿಗೆ ತಂಗಿ ಬೇಕಿತ್ತು. ಇದರಲ್ಲಿ ಯಾರನ್ನು ತಪ್ಪೆನ್ನುವುದು?

ಕೊನೆಗೆ ನನ್ನ ಮುಖ ನೋಡಿಯೇ ಇರಬೇಕು, ಕಕ್ಕಿಂಜೆಯ ಸಂಬಂಧ ನೋಡಲು ದೊಡ್ಡಮ್ಮ ಹೊರಟಳು, ಜೊತೆಗೆ ನಾನೂ. ಚಿಕ್ಕಮ್ಮನಿಗಿಂತ ಎರಡು ವರ್ಷ ಹಿರಿಯ, ಬಳಿ ಬೇರೆ, ನಕ್ಷತ್ರ ಕೂಡುತ್ತದೆ ಎಂದಷ್ಟೇ ನಮಗೆ ಗೊತ್ತಿದ್ದದ್ದು. ಉಜಿರೆ ದಾಟಿದ ಮೇಲೆ ಚಾರ್ಮಾಡಿಯ ಮಂಜು ಬೆಟ್ಟವನ್ನು ನುಂಗಿ ರಸ್ತೆಗೂ ಇಳಿಯಿತು. ಎದುರಿನ ವಾಹನಗಳ ದೀಪ ಮಾತ್ರ ಎಲ್ಲಿಂದಲೋ ತೇಲಿ ಬಂದು ಎಲ್ಲಿಗೋ ಹೋಗುತ್ತಿತ್ತು. ದೊಡ್ಡಮ್ಮ ಕಿಟಕಿಗೆ ಹಣೆ ತಾಗಿಸಿ, "ದಾರಿ ಸರಿಯಾಗಿಯೇ ಉಂಟು," ಎಂದು ಪಿಸುಗುಟ್ಟಿದಳು. ನನಗೂ ಅರೆಗಳಿಗೆ, ಆ ಮಂಜಿನಾಚೆ ನಿಜಕ್ಕೂ ಚಿಕ್ಕಮ್ಮ ಕಾಲೇಜಿನ ಬ್ಯಾಗು ಹಿಡಿದು ಬಸ್ಸಿಗೆ ಕಾಯುತ್ತಿದ್ದಾಳೆ ಎನ್ನಿಸಿತು. ವರನ ಮನೆಯ ಅಂಗಳದಲ್ಲಿ ಒಂದು ನಾಯಿ ಬೊಗಳಿತು. ದೊಡ್ಡಮ್ಮ ಅದನ್ನು ಗಮನವಿಟ್ಟು ನೋಡಿ, "ತಲೆ ಒಂದೇ," ಎಂದು ನಿರಾಸೆಪಟ್ಟಳು!

ವರನ ತಾಯಿ ಮುದುಕಿ. ಬೆಲ್ಲ ನೀರು ಕೊಟ್ಟು ನಮ್ಮ ಎದುರು ಚಾಪೆಯಲ್ಲಿ ಕುಳಿತರು. ದೊಡ್ಡಮ್ಮ ಸಂದರ್ಶನ ಶುರುಮಾಡಿದಳು.

"ಹುಡುಗ ಎಂಥ ಮಾಡ್ತಾ ಇದ್ದದ್ದು?"

"ಆಡ್ತಾ ಇದ್ದ," ಎಂದರು ಆ ತಾಯಿ.

ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹುಟ್ಟಿದ್ದು ಯಾವಾಗ ಎಂದು ಎಲ್ಲರೂ ಕೇಳಿದ್ದರು, ಹೋದದ್ದು ಯಾವಾಗ ಎಂದು ಒಬ್ಬರೂ ಕೇಳಿರಲಿಲ್ಲ. ಹುಡುಗ ಮೂರು ವರ್ಷಕ್ಕೇ ವಾಂತಿಭೇದಿಯಲ್ಲಿ ತೀರಿಕೊಂಡಿದ್ದ! ಜೊತೆಗೆ ಬಂದಿದ್ದ ನಮ್ಮ ಸೋದರಮಾವ ಗಡಿಬಿಡಿಯಲ್ಲಿ, "ಅಲ್ಲಿಯೂ ಬೆಳೀತಾರೆ ಅಂತ ಲೆಕ್ಕ. ಈಗ ನಲವತ್ತು ದಾಟಿದ ಗಂಡಸು," ಎಂದು ಸಮಜಾಯಿಷಿ ಕೊಟ್ಟರು. ಎತ್ತರದ, ಮೌನಿಯಾದ, ದುಃಖದ ಕಣ್ಣಿನ ಅರಸನನ್ನು ಹುಡುಕಿ ಬಂದ ದೊಡ್ಡಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ದೊಡ್ಡಮ್ಮ ಲೋಟ ಕೆಳಗಿಟ್ಟಳು. "ನನ್ನದೊಂದು ಕಂಡಿಶನ್ ಉಂಟು. ವರ್ಷದಲ್ಲಿ ಆರು ತಿಂಗಳು ನಮ್ಮ ಹುಡುಗಿಯನ್ನು ನಮ್ಮಲ್ಲಿಗೆ ಕಳಿಸ್ಬೇಕು."

ಮಾವ ಕೆಮ್ಮಿದರು. "ಅಂಥ ಕ್ರಮ ಇಲ್ಲ."

"ಆರು ತಿಂಗಳು ಜಾಸ್ತಿ ಆಯ್ತು ಅಕ್ಕಾ, ಜನ ನಮ್ಮನ್ನು ಎಂಥ ಹೇಳ್ತಾರೆ?" ಎಂದರು ಆ ತಾಯಿ, ಸೊಸೆ ಒಳಗೆ ಅಡಿಗೆಮನೆಯಲ್ಲೇ ಇದ್ದಾಳೆ ಎಂಬಂತೆ. "ಮದುಮಗಳು ಆಟಿಗೆ ತವರಲ್ಲಿ ಕೂರ್ಲಿಕ್ಕೆ ಹೋಗ್ತಾಳಲ್ಲ, ಹಾಗೆ ಆಟಿ ಆಟಿಗೆ ಕಳಿಸ್ತೇನೆ. ನೀವೂ ಎಲೆ ಹಾಕಿ, ನಾವೂ ಹಾಕ್ತೇವೆ. ಆದ್ರೆ ಅವನನ್ನು ಇಲ್ಲಿ ಬಿಟ್ಟು ಅವಳನ್ನು ಮಾತ್ರ ಕರ್ಕೊಂಡು ಹೋಗ್ಬೇಡಿ. ಅವ ಒಬ್ಬನೇ ಮಲಗುವವ ಅಲ್ಲ."

ದೊಡ್ಡಮ್ಮ ಆ ಮುದುಕಿಯ ಕೈ ಹಿಡಿದು, "ಒಟ್ಟಿಗೇ ಬರ್ಲಿ," ಎಂದಳು. ಸಂಬಂಧ ಕುದುರಿತು.

ಆ ಆಟಿಯಲ್ಲೇ ಮದುವೆಯಾಯಿತು. ಎರಡು ಮಣೆಗಳ ಮೇಲೆ ಸೀರೆ, ಪಂಚೆ, ಕರಿಮಣಿ, ಬಳೆ. ಗಂಡಿನ ಕಡೆಯವರು ಸೀರೆಯನ್ನು ಮಡಚಿ ಎದೆಗೊತ್ತಿಕೊಂಡು ಜೀಪು ಹತ್ತಿದಾಗ ದೊಡ್ಡಮ್ಮ ಮಗಳನ್ನು ಕಳಿಸಿದ ತಾಯಿಯಂತೆ ಬಿಕ್ಕಿದಳು. ಕೆಲವೇ ತಿಂಗಳಲ್ಲಿ ನನ್ನ ಮದುವೆಯೂ ಆಯಿತು. ಅಲ್ಲಿ ಅವಳು ಅಳಲಿಲ್ಲ, ನನಗೆ ಸ್ವಲ್ಪ ಬೇಸರವೇ ಆಯಿತು!

ಮುಂದಿನ ಆಟಿಗೆ ನಾನು ತವರಲ್ಲಿ ಕೂರಲು ಬಂದೆ. ಹೋದವರಿಗೆ ಬಡಿಸುವ ದಿನ ದೊಡ್ಡಮ್ಮ ಒಳಗಿನ ಕೋಣೆಯಲ್ಲಿ ಎರಡು ಎಲೆ ಹಾಕಿದಳು, ಒಂದು ದೊಡ್ಡದು, ಒಂದು ಚಿಕ್ಕದು. ಆಟಿಯಲ್ಲಿ ಮೀನು ಸಿಗುವುದು ಕಷ್ಟ. ಆದರೂ ಹೇಗೋ ಬಂಗುಡೆ ತರಿಸಿದ್ದಳು. ಕುಚ್ಚಲಕ್ಕಿ ಅನ್ನ, ಕೋಳಿ ಸುಕ್ಕ ಬಡಿಸಿಯಾಯಿತು. ಇನ್ನು ಬಾಗಿಲು ಹಾಕಿ ಹೊರಗೆ ಬರಬೇಕು, ಅವರು ಉಣ್ಣುವ ಹೊತ್ತು. ದೊಡ್ಡಮ್ಮ ಮಾತ್ರ ಏಳದೆ, ಮೀನನ್ನು ಅಂಗೈಯಲ್ಲಿಟ್ಟುಕೊಂಡು ಏನೋ ಮಾಡುತ್ತಿದ್ದಳು.

"ಎಂಥ ದೊಡ್ಡಮ್ಮ ಅದು?"

"ಮುಳ್ಳು ತೆಗೀತಾ ಇದ್ದೇನೆ."

"ನಲವತ್ತು ದಾಟಿದ ಗಂಡಸಿಗಾ?"

"ಅದು ನಿನ್ನ ಮಾವನ ಲೆಕ್ಕ," ಎಂದಳು ದೊಡ್ಡಮ್ಮ, ತಲೆಯೆತ್ತದೆ. "ಮೂರು ವರ್ಷದ ಮಗು. ಗಂಟಲಲ್ಲಿ ಮುಳ್ಳು ಸಿಕ್ಕಿದ್ರೆ ಅಲ್ಲಿ ಯಾರು ನೋಡ್ತಾರೆ ಮಾರಾಯ್ತಿ? ನನ್ನ ತಂಗಿಗೆ ಮುಳ್ಳು ತೆಗೀಲಿಕ್ಕೆ ಬರುದಿಲ್ಲ. ಅವಳಿಗೂ ನಾನೇ ತೆಗೆದು ಕೊಡ್ತಿದ್ದದ್ದು."

ಬಿಡಿಸಿದ ಮೀನನ್ನು ಚಿಕ್ಕ ಎಲೆಯ ತುದಿಗಿಟ್ಟು, ಅವಳು ಇನ್ನೊಂದು ಎಲೆಯ ಮೀನನ್ನು ಕೈಗೆತ್ತಿಕೊಂಡಳು.